ಮೊದಲಿನ ನೀರು ಚೆಲ್ಲಿದ್ದೀರಾ?

ದಕ್ಷಿಣ ಕೊಡಗಿನ ತೋಟದವರು ಫೋನಿನಲ್ಲಿ ಮೊದಲು ಕೇಳುವುದು ಕ್ಷೇಮವನ್ನಲ್ಲ, ಮಳೆಯನ್ನು. "ನಿಮ್ಮಲ್ಲಿ ಎಷ್ಟು?" ಎಂದರೆ ಎಷ್ಟು ಇಂಚು, ಎಷ್ಟು ಸೆಂಟು ಎಂದು ಅರ್ಥ. ಇಂಚಿನ ನೂರನೇ ಒಂದು ಭಾಗ ಇಲ್ಲಿ ಸೆಂಟು. ನಾನು ಉತ್ತರ ಕೊಡಗಿನ ಶನಿವಾರಸಂತೆ ಕಡೆಯವಳು. ನಮ್ಮ ಮನೆಯಲ್ಲಿ ಮಳೆ ಜೋರಾಗಿ ಬರುತ್ತಿತ್ತು, ಇಲ್ಲವೇ ಸುಮಾರಾಗಿ ಬರುತ್ತಿತ್ತು. ಅದನ್ನು ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುವ ಜನ ಇದ್ದಾರೆಂದು ನನಗೆ ಗೊತ್ತಾದದ್ದು ಗೋಣಿಕೊಪ್ಪಲಿಗೆ ಕೆಲಸಕ್ಕೆ ಬಂದ ಮೇಲೆ.

ಅಲ್ಲಿ ಕಾಳುಮೆಣಸಿನ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಆಫೀಸೆಂದರೆ ನಾನು ಮತ್ತು ನನಗಿಂತ ಹತ್ತಾರು ವರ್ಷ ಹಿರಿಯರಾದ ಒಬ್ಬ ಪಾಲುದಾರರು, ಅಷ್ಟೇ. ಬೆಳೆಗಾರರ ಸಂಘವೊಂದು ನಮಗೆ ಕೆಲಸ ಕೊಟ್ಟಿತ್ತು. ಅವರವರು ಅಳೆದ ಮಳೆಯನ್ನು ಅವರವರೇ ಮೊಬೈಲಿನಲ್ಲಿ ಹಾಕಬೇಕು, ಉಳಿದವರೆಲ್ಲ ನೋಡಬೇಕು, ಅಂಥದ್ದೊಂದು ಆ್ಯಪ್. ಮಿಲಿಮೀಟರಿನಲ್ಲಿ ಇರಲಿ ಎಂದು ನಾನು ಹೇಳಿದ್ದಕ್ಕೆ ಸಂಘದವರೊಬ್ಬರು "ಅದು ಕಾಲೇಜಿನ ಮಳೆ, ನಮ್ಮದು ಇಂಚಿನ ಮಳೆ" ಎಂದು ನಕ್ಕುಬಿಟ್ಟರು. ಆ ಜಗಳ ಮೊದಲ ವಾರದಲ್ಲೇ ಮುಗಿಯಿತು. ನಿಜವಾದ ಜಗಳ ಬೇರೆಯೇ ಇತ್ತು.

ಆ ಆ್ಯಪ್ ಮುಖ್ಯವಾಗಿ ಬೇಕಾಗಿದ್ದದ್ದು ಕಕ್ಕಬೆಯ ಮೇಲಿನ ಒಂದು ಗುಡ್ಡಕ್ಕೆ. ಆ ಗುಡ್ಡದ ತೋಟದಲ್ಲಿ ಒಬ್ಬ ಹಿರಿಯ ಹೆಂಗಸು ಮದುವೆಯಾಗಿ ಬಂದ ವರ್ಷದಿಂದ ಮಳೆ ಅಳೆಯುತ್ತಿದ್ದರು. ಊರಿಗೆಲ್ಲ ಅವರು ಆಂಟಿ, ನನಗೂ ಆಂಟಿಯೇ ಆದರು. ಅವರ ತೋಟದಲ್ಲಿ ಹುಟ್ಟುವ ತೋಡು, ಅಂದರೆ ಸಣ್ಣ ಹಳ್ಳ, ಕೆಳಗೆ ಹರಿದು ಹೋಗುವಲ್ಲಿ ಒಂದಷ್ಟು ಮನೆಗಳಿವೆ. ಮೇಲೆ ಸುರಿದದ್ದು ಕೆಳಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲೇ ಕೆಳಗಿನವರು ಮನೆ ಬಿಟ್ಟು ಶಾಲೆಯ ಕಟ್ಟಡಕ್ಕೆ ಹೋಗಬೇಕು. ಹಿಂದಿನಿಂದಲೂ ಆಂಟಿ ಅಳೆದು, ಇನ್ನು ತಡೆಯುವುದಿಲ್ಲ ಅನ್ನಿಸಿದಾಗ ಕೆಳಗಿನ ಚಹಾ ಅಂಗಡಿಗೆ ಫೋನು ಮಾಡುತ್ತಿದ್ದರು. ಅಂಗಡಿಯವರು ಮನೆಮನೆಗೆ ಹೇಳುತ್ತಿದ್ದರು. ಆಂಟಿಯ ದನಿ ಕೇಳಿದರೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಆ ವರ್ಷ ಆಂಟಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಜುಲೈಯಲ್ಲಿ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ತಂಗಿಯ ಮನೆಯಲ್ಲಿ ಕೆಲವು ವಾರ ಇರಬೇಕಾಗಿತ್ತು. ಜುಲೈಯಲ್ಲಿ ಆ ಗುಡ್ಡದ ಮಳೆ ಅಳೆಯುವವರು ಯಾರು, ಕೆಳಗಿನವರಿಗೆ ಹೇಳುವವರು ಯಾರು? ಅಳೆಯುವ ಕೆಲಸಕ್ಕೆ ಆಂಟಿ ತೋಟದ ಲೆಕ್ಕ ಬರೆಯುವ ರೈಟರ್ ಹೆಂಡತಿಯನ್ನು ಒಪ್ಪಿಸಿದರು. ಪಿರಿಯಾಪಟ್ಟಣದ ಕಡೆಯಿಂದ ಬಂದವಳು, ಕೆಲಸದವರ ಲೈನಿನ ಮೊದಲನೇ ಮನೆಯಲ್ಲಿದ್ದಳು. ಹೇಳುವ ಕೆಲಸ ಆ್ಯಪಿನದು. ಒಂದು ದಿನದ ಮಳೆ ಗೊತ್ತುಮಾಡಿದ ಗೆರೆ ದಾಟಿದರೆ ತೋಡಿನ ಬದಿಯ ಎಲ್ಲ ಫೋನುಗಳಿಗೂ ತಾನಾಗಿಯೇ ಮೆಸೇಜು ಹೋಗಬೇಕು ಎಂದು ಸಂಘ ತೀರ್ಮಾನಿಸಿತು.

ಮಾರ್ಚಿನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ, ಆ್ಯಪ್ ಶುರುವಾಯಿತು. ಹೂಮಳೆ ಇಂಚು ಬಿದ್ದರೆ ಸ್ಪ್ರಿಂಕ್ಲರ್ ಹಾಕಬೇಕಾಗಿಲ್ಲ, ಅರ್ಧಂಬರ್ಧ ಬಿದ್ದರೆ ಹಿಂದೆಯೇ ನೀರು ಕೊಡಬೇಕು. ಹಾಗಾಗಿ ಎಲ್ಲರ ಕಣ್ಣೂ ನಮ್ಮ ಅಂಕಿಗಳ ಮೇಲೆ. ತಿತಿಮತಿಯ ಒಬ್ಬ ಹೊಸ ಬೆಳೆಗಾರರು ನಲವತ್ತು ಸೆಂಟು ಎಂದು ಹಾಕಿ ಕಳಿಸುವ ಬಟನ್ ಒತ್ತಿದರು. ನೆಟ್‌ವರ್ಕ್ ಇರಲಿಲ್ಲ. ಮತ್ತೆ ಒತ್ತಿದರು, ಸಿಟ್ಟಿನಿಂದ ಇನ್ನೊಮ್ಮೆ ಒತ್ತಿದರು. ನೆಟ್‌ವರ್ಕ್ ಬಂದ ಕೂಡಲೇ ಮೂರೂ ಒಟ್ಟಿಗೆ ನಮ್ಮ ಸರ್ವರಿಗೆ ಬಂದವು, ಸರ್ವರು ಮೂರನ್ನೂ ಕೂಡಿಸಿ ಒಂದು ಇಂಚು ಇಪ್ಪತ್ತು ಸೆಂಟು ಎಂದು ತೋರಿಸಿತು. ಗೋಣಿಕೊಪ್ಪಲಿನಲ್ಲಿ ಮನೆಯಿದ್ದು, ಆ ಬೆಳೆಗಾರರ ಪಕ್ಕದಲ್ಲೇ ತೋಟವಿದ್ದ ಒಬ್ಬರು ಇದನ್ನು ನೋಡಿ ಖುಷಿಯಾಗಿ ಸ್ಪ್ರಿಂಕ್ಲರ್ ಪೈಪುಗಳನ್ನು ಎತ್ತಿಸಿದರು. ಆಮೇಲೆ ನಮ್ಮ ಮೆಟ್ಟಿಲು ಹತ್ತಿ ಬಂದು, "ಮೇಡಂ, ನಿಮ್ಮ ಮೊಬೈಲಲ್ಲಿ ಬಿದ್ದ ಮಳೆ ನನ್ನ ತೋಟಕ್ಕೆ ಯಾಕೆ ಬೀಳ್ಲಿಲ್ಲ?" ಎಂದು ಕೇಳಿದರು. ಪುಣ್ಯಕ್ಕೆ ಇನ್ನೂ ನೀರು ಕೊಡಲು ಕಾಲ ಮಿಂಚಿರಲಿಲ್ಲ.

ಹೊಸಬರ ಕೈಗೆ ಕೊಟ್ಟ ಮೇಲೆ ಅವರು ತಪ್ಪಿದರೂ ತೊಂದರೆಯಾಗಬಾರದು, ಅದು ನನ್ನ ಕೆಲಸ. ಕೂಡಿಸುವುದನ್ನು ತೆಗೆದೆ. ಒಂದು ದಿನಕ್ಕೆ ಒಂದೇ ಅಂಕಿ, ಎರಡನೆಯದು ಬಂದರೆ ಅದು ಮೊದಲಿನದರ ತಿದ್ದುಪಡಿ. ಹತ್ತು ಸಲ ಒತ್ತಿದರೂ ನಲವತ್ತು ಸೆಂಟು ನಲವತ್ತು ಸೆಂಟೇ. ಏಪ್ರಿಲ್, ಮೇ ಪೂರ್ತಿ ಒಂದು ದೂರೂ ಬರಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಜೂನಿನಲ್ಲಿ ಮುಂಗಾರು ಹಿಡಿಯಿತು. ಒಂದು ಬೆಳಿಗ್ಗೆ ಆಂಟಿಯ ಫೋನು.

"ಕುಂಞಿ, ನಾನು ನಿನ್ನೆ ಅಳೆದ ಮಳೆ ಎಲ್ಲಿಗೆ ಹೋಯ್ತು?"

ಅವರು ಮುದ್ದಿನಿಂದ ಮಗು ಎಂದು ಕರೆದರೂ ದನಿಯಲ್ಲಿ ಮುದ್ದಿರಲಿಲ್ಲ. ಆಮೇಲೆ ತಿಳಿಯಿತು. ಆ ಗುಡ್ಡದಲ್ಲಿ ಮಳೆ ಹಿಡಿದರೆ ಮಳೆ ಮಾಪಕದ ಒಳಗಿನ ಬಾಟಲಿ ಒಂದು ದಿನದ ಮಳೆಗೆ ಸಾಲುವುದಿಲ್ಲ, ತುಂಬಿ ಹರಿಯುತ್ತದೆ. ಅದಕ್ಕೇ ಆಂಟಿ ಬೆಳಗ್ಗಿನ ಲೆಕ್ಕದ ಜೊತೆಗೆ ಮಧ್ಯಾಹ್ನಕ್ಕೊಂದು ಸಲ, ಸಂಜೆಗೊಂದು ಸಲ ಅಳೆದು ಚೆಲ್ಲಿಬಿಡುತ್ತಿದ್ದರು. ಅಳೆದಷ್ಟು ಸಲವೂ ಆ್ಯಪಿನಲ್ಲಿ ಹಾಕಿದ್ದರು. ಪ್ರತಿ ಸಲವೂ ನನ್ನ ಆ್ಯಪ್ ಹಿಂದಿನದನ್ನು ಅಳಿಸಿ ಹಾಕಿತ್ತು. ದಿನದ ದೊಡ್ಡ ಮಳೆಯೆಲ್ಲ ಹೋಗಿ ಸಂಜೆಯ ಜಿನುಗು ಮಾತ್ರ ಉಳಿದಿತ್ತು. ಅವತ್ತು ಮಳೆ ಗೆರೆಯ ಹತ್ತಿರ ಬಂದು ನಿಂತಿತ್ತು, ದಾಟಿರಲಿಲ್ಲ. ದಾಟಿದ್ದರೂ ಕೆಳಗಿನವರಿಗೆ ಮೆಸೇಜೇ ಹೋಗುತ್ತಿರಲಿಲ್ಲ.

"ಆಂಟಿ, ದಿನಕ್ಕೆ ಒಂದೇ ಸಲ ಅಳೆಯೋಕೆ ಆಗಲ್ವಾ?" ಎಂದು ಕೇಳಿದೆ.

"ಆಗ್ತದೆ. ನೀನು ಬಂದು ಮಳೆಗೆ ಸ್ವಲ್ಪ ಕಡಿಮೆ ಬಾ ಅಂತ ಹೇಳಿ ಹೋಗು."

ಪಾಲುದಾರರ ಹತ್ತಿರ ಉಪಾಯ ಸಿದ್ಧವಾಗಿತ್ತು. "ಇದಕ್ಕೆಲ್ಲ ತಲೆ ಕೆಡಿಸ್ಕೊಬೇಡಿ. ಸೆಟ್ಟಿಂಗ್ಸಿನಲ್ಲಿ ಒಂದು ಸ್ವಿಚ್ ಇಡಿ. ಹೊಸಬರಿಗೆ ಈಗ ಇದ್ದ ಹಾಗೇ ಇರ್ಲಿ, ಅನುಭವ ಇದ್ದವರು ಆನ್ ಮಾಡ್ಕೊಂಡ್ರೆ ಕೂಡಿಸ್ಲಿ. ಎಲ್ಲ ಕಡೆ ಹಾಗೇ ಮಾಡೋದು." ಸರಿ ಅನ್ನಿಸಿತು. 'ಅನುಭವಿಗಳಿಗೆ' ಎಂದು ಹೆಸರು ಕೊಟ್ಟು ಸ್ವಿಚ್ ಇಟ್ಟೆ. ಆ ಹೆಸರಿಟ್ಟಿದ್ದೇ ಕೆಟ್ಟಿತು. ವಾರ ಕಳೆಯುವುದರೊಳಗೆ ಹೆಚ್ಚುಕಡಿಮೆ ಎಲ್ಲರ ಫೋನಿನಲ್ಲೂ ಅದು ಆನ್ ಆಗಿತ್ತು. ತಿತಿಮತಿಯ ಆ ಹೊಸ ಬೆಳೆಗಾರರೂ ಆನ್ ಮಾಡಿಕೊಂಡಿದ್ದರು. ಕಾಫಿ ಬೆಳೆಯುವವರಲ್ಲಿ ತಾನು ಹೊಸಬ ಎಂದು ಬರೆದುಕೊಡುವವನು ಇನ್ನೂ ಹುಟ್ಟಿಲ್ಲ. ನನಗೆ ನಗು ಬಂತು, ಆದರೆ ಆ ನಗು ಜೂನ್ ಮುಗಿಯುವವರೆಗೂ ಉಳಿಯಲಿಲ್ಲ.

ಆಂಟಿಯ ಮನೆಯ ಜಗಲಿಯಲ್ಲಿ ಒಂದು ಮೂಲೆಗೆ ಮಾತ್ರ ನೆಟ್‌ವರ್ಕ್ ಬರುತ್ತಿತ್ತು. ಅಲ್ಲೊಂದು ಮೊಳೆಗೆ, ಪ್ಲಾಸ್ಟಿಕ್ ಕವರಿನೊಳಗೆ, ಸಂಘ ಕೊಟ್ಟ ಮೊಬೈಲು ತೂಗುತ್ತಿತ್ತು. ಅದು ಆಂಟಿಯದೂ ಅಲ್ಲ, ರೈಟರ್ ಹೆಂಡತಿಯದೂ ಅಲ್ಲ. ಮಾಪಕದ ಜೊತೆಗಿನ ಮೊಬೈಲು ಅದು, ಅಳೆದವರು ತೆಗೆದು ಒತ್ತುವುದು. ಗೋಣಿಕೊಪ್ಪಲಿನಲ್ಲಿ ಕುಳಿತ ನಾನು ಒಂದು ಫೋನೆಂದರೆ ಒಬ್ಬ ಮನುಷ್ಯ ಎಂದುಕೊಂಡಿದ್ದೆ. ಆಂಟಿ ಅದರಲ್ಲಿ ಅನುಭವಿಗಳ ಸ್ವಿಚ್ ಆನ್ ಮಾಡಿದ್ದರು. ತಿಂಗಳ ಕೊನೆಯಲ್ಲಿ ಒಂದು ದಿನ ಅವರು ಕಣ್ಣು ತೋರಿಸಲು ವಿರಾಜಪೇಟೆಗೆ ಹೋದರು. ಮಧ್ಯಾಹ್ನದ ಮಳೆಯನ್ನು ರೈಟರ್ ಹೆಂಡತಿ ಒಬ್ಬಳೇ ಅಳೆದಳು. ಅಳತೆ ಸರಿಯಾಗಿತ್ತು. ಬಟನ್ ಒತ್ತಿದಳು, ಹೋಗಲಿಲ್ಲ. ಮತ್ತೆ ಒತ್ತಿದಳು, ಮತ್ತೂ ಒತ್ತಿದಳು.

ಸುಮಾರಾದ ಮಳೆ ಆ್ಯಪಿನಲ್ಲಿ ಭಾರೀ ಮಳೆಯಾಗಿ ಗೆರೆ ದಾಟಿತು. ತೋಡಿನ ಬದಿಯ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಜನ ಗಂಟುಮೂಟೆ ಕಟ್ಟಿದರು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಒಬ್ಬ ಅಜ್ಜಿಯನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಶಾಲೆಗೆ ಹೋದರು. ಸಂಜೆಯವರೆಗೂ ಕಾದರು. ತೋಡು ದಿನದಂತೆ ಹರಿಯಿತು, ಹೊರಗೆ ಬಿಸಿಲೂ ಬಂತು.

ಅಂಗಡಿಯವರಿಗೆ ನಾನೇ ಫೋನು ಮಾಡಿದೆ. ಅವರ ಮನೆಮಾತು ಮಲಯಾಳ, ಸಿಟ್ಟು ಬಂದಾಗ ಮಾತ್ರ ಕನ್ನಡ ಬಹಳ ಸ್ಪಷ್ಟ.

"ಮೇಡಂ, ಆಂಟಿ ಫೋನ್ ಮಾಡಿದ್ರೆ ನಾವು ಅನ್ನದ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ವಿ. ಒಂದ್ ದಿನ ಅದು ಸುಳ್ಳಾಗಿಲ್ಲ. ಇದು ಮಿಷನ್ ಮಾತು. ಇನ್ನೊಂದ್ ಸಲ ಇದನ್ನ ನಂಬಿ ಆ ಅಜ್ಜಿನ ಎತ್ಕೊಂಡು ಓಡು ಅಂತ ನಾನು ಯಾರಿಗೂ ಹೇಳಲ್ಲ."

ಇದೇ ನನಗೆ ಭಯವಾಗಿದ್ದದ್ದು. ಆಂಟಿ ಮೈಸೂರಿಗೆ ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ಅವರು ಹೋದ ಮೇಲೆ ನಿಜವಾಗಿಯೂ ಗೆರೆ ದಾಟಿದ ದಿನ ಕೆಳಗಿನವರು ಮೆಸೇಜು ನೋಡಿ ಫೋನನ್ನು ಮಗುಚಿ ಇಟ್ಟರೆ? ಮಾರನೆಯ ದಿನವೇ ಜೀಪು ಹತ್ತಿ ಗುಡ್ಡಕ್ಕೆ ಹೋದೆ.

ಜಗಲಿಯಲ್ಲಿ ಆಂಟಿ ವಿರಾಜಪೇಟೆಯ ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ರೈಟರ್ ಹೆಂಡತಿ ಕಂಬದ ಪಕ್ಕ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ನನ್ನನ್ನು ನೋಡಿದವಳೇ ಒಳಗೆ ಹೋಗಿ ಮುಚ್ಚಳ ಹಾಕಿದ ಒಂದು ಸ್ಟೀಲಿನ ಡಬ್ಬ ತಂದು ನನ್ನ ಮುಂದೆ ಇಟ್ಟಳು.

"ಏನಿದು?"

"ನೆನ್ನೆ ಮಳೆ ಕಣಕ್ಕ. ಹೋಗ್ಲೇ ಇಲ್ಲ ಅನ್ಕಂಡು ಮೂರ್ ಸಲ ಒತ್ಬುಟ್ಟೆ. ಆದ್ರೆ ಅಳ್ದಿದ್ದು ಸರಿಯಾಗೇ ಅಳ್ದಿವ್ನಿ. ಸುಳ್ಳು ಹೇಳ್ದೆ ಅಂತ ಯಾರೂ ಅನ್ಬಾರ್ದು ಅಂತ ಚೆಲ್ದೆ ಮಡ್ಗಿವ್ನಿ. ನೀವೇ ಅಳ್ದು ನೋಡಿ."

ಆ ಕಷ್ಟದಲ್ಲಿ ಅವಳಿಗೆ ಹೊಳೆದದ್ದು ಆ ನೀರನ್ನು ಕಾಪಾಡಬೇಕೆಂಬುದು. ಅವಳ ಸಮಾಧಾನಕ್ಕೆ ಗಾಜಿನ ಲೋಟಕ್ಕೆ ಸುರಿದು ಅಳೆದೆ. ಅವಳು ಹಾಕಿದ ಅಂಕಿ ಸರಿಯಿತ್ತು. ಅಳೆದ ನೀರನ್ನು ಅಂಗಳಕ್ಕೆ ಚೆಲ್ಲಲು ಹೋದಾಗ ಅವಳು ನನ್ನ ಕೈ ಹಿಡಿದಳು.

"ಚೆಲ್ಬೇಡಿ ಅಕ್ಕ. ಚೆಲ್ಬುಟ್ರೆ ಇನ್ ಯಾವ್ದುನ್ನ ತೋರ್ಸದು?"

ಆಂಟಿ ಕೂತಲ್ಲಿಂದಲೇ ಗದರಿದರು. "ಎಂತ ಮಾರಾಯ್ತಿ, ಚೆಲ್ಲದಿದ್ರೆ ಇವತ್ತಿನ ಮಳೆಯ ಲೆಕ್ಕಕ್ಕೆ ಅದೂ ಸೇರ್ತದೆ. ಚೆಲ್ಲು ಮೊದ್ಲು!"

ಇಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದರು. ಲೋಟ ಹಿಡಿದುಕೊಂಡು ನಿಂತಲ್ಲೇ ನನಗೆ ಹೊಳೆಯಿತು. ತಿದ್ದುಪಡಿಯೋ, ಹೊಸ ಅಳತೆಯೋ ಎಂಬುದನ್ನು ನಾನು ಮನುಷ್ಯರನ್ನು ನೋಡಿ ತೀರ್ಮಾನಿಸಲು ಹೊರಟಿದ್ದೆ. ಹೊಸಬಳು ಎರಡು ಸಲ ಒತ್ತಿದರೆ ತಪ್ಪು, ಹಳಬರು ಒತ್ತಿದರೆ ಸರಿ ಎಂದು ಬರೆದಿದ್ದೆ. ತೀರ್ಮಾನ ಇರಬೇಕಾದದ್ದು ನೀರಿನಲ್ಲಿ. ಚೆಲ್ಲುವ ತನಕ ಎಷ್ಟು ಸಲ ಒತ್ತಿದರೂ ಅದೇ ನೀರು. ಚೆಲ್ಲಿದ ಮೇಲೆ ಬಂದದ್ದು ಬೇರೆ ನೀರು, ಕೂಡಿಸಬೇಕು. ನಿನಗೆ ಅನುಭವ ಇದೆಯೇ ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ. ಬಾಟಲಿ ಚೆಲ್ಲಿದೆಯಾ ಎಂದು ಕೇಳಿದರೆ ನಿನ್ನೆ ಮೊನ್ನೆ ಕಲಿತವಳಿಗೂ ಉತ್ತರ ಗೊತ್ತು.

ಆಫೀಸಿಗೆ ಬಂದು ಸ್ವಿಚ್ಚನ್ನು ಕಿತ್ತು ಹಾಕಿದೆ. ದಿನದ ಮೊದಲ ಅಳತೆಗೆ ಏನೂ ಕೇಳುವುದಿಲ್ಲ. ಎರಡನೆಯದಕ್ಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಒಂದು ಪ್ರಶ್ನೆ: 'ಮೊದಲಿನ ನೀರು ಚೆಲ್ಲಿದ್ದೀರಾ?' ಕೆಳಗೆ ಎರಡು ಬಟನ್: 'ಚೆಲ್ಲಿದೆ', 'ಇಲ್ಲ, ಅದೇ ನೀರು'. ಪಾಲುದಾರರು ತಲೆಯಾಡಿಸಿದರು. "ಗೊತ್ತಿದ್ದವರಿಗೆ ಇದು ಕಿರಿಕಿರಿ. ನೋಡ್ತಾ ಇರಿ, ಬೈಗುಳ ಬರ್ತದೆ." ಬಂತು. ಅನುಭವಿ ಎಂಬ ಪಟ್ಟ ಕಳೆದುಕೊಂಡವರು ಮುನಿಸಿಕೊಂಡರು. ಆಂಟಿಯಂತೂ "ಚೆಲ್ಲದೆ ಇನ್ನೆಂತ, ಕುಡೀತೇನಾ?" ಎಂದು ಫೋನಿನಲ್ಲೇ ರೇಗಿದರು. ಪಾಲುದಾರರ ಮಾತಿನಲ್ಲಿ ಸತ್ಯವಿತ್ತು. ಹಳಬರ ಕೈ ಒಂದು ಕ್ಷಣ ತಡೆಯುತ್ತದೆ, ನಿಜ. ಆದರೆ ದಿನಕ್ಕೆ ಒಮ್ಮೆ ಅಳೆಯುವವರಿಗೆ ಆ ಪ್ರಶ್ನೆ ಕಾಣುವುದೇ ಇಲ್ಲ. ಹಲವು ಸಲ ಅಳೆಯುವ ದಿನ ತಡೆದು ಯೋಚಿಸಬೇಕಾದ ದಿನವೇ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ.

ಇನ್ನೂ ಒಂದು ಬದಲಾವಣೆ ಮಾಡಿದೆ. ಕೆಳಗಿನವರಿಗೆ ಹೋಗುವ ಮೆಸೇಜಿನಲ್ಲಿ ಬರೀ ಇಂಚಿತ್ತು. ಅದರ ಜೊತೆಗೆ ಎಷ್ಟು ಬಾಟಲಿ ಚೆಲ್ಲಿದ್ದಾರೆ, ಅಳೆದವರು ಯಾರು, ಜಗಲಿಯ ಮೊಬೈಲಿನ ನಂಬರು ಯಾವುದು ಎಂಬುದನ್ನೂ ಸೇರಿಸಿದೆ. ಆ್ಯಪನ್ನು ನಂಬಿ ಎಂದು ಹೇಳುವ ಮುಖ ನನಗಿರಲಿಲ್ಲ. ಅನುಮಾನ ಬಂದರೆ ಕೇಳಿ ಎಂದಾದರೂ ಹೇಳಬಹುದಿತ್ತು.

ಆಂಟಿ ಮೈಸೂರಿಗೆ ಹೋದರು. ಅವರ ಎರಡೂ ಕಣ್ಣಿನ ಆಪರೇಷನ್ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಗುಡ್ಡಕ್ಕೆ ಆ ವರ್ಷದ ದೊಡ್ಡ ಮಳೆ ಬಂತು. ಬೆಳಿಗ್ಗೆಯಿಂದ ನಾನು ಕಂಪ್ಯೂಟರಿನ ಮುಂದೆಯೇ ಕೂತಿದ್ದೆ. ಗುಡ್ಡದ ಅಳತೆ ಬಂತು. ಸ್ವಲ್ಪ ಹೊತ್ತಿಗೆ ಅದೇ ಅಂಕಿ ಮತ್ತೆ ಬಂತು, ಜೊತೆಯಲ್ಲಿ 'ಇಲ್ಲ, ಅದೇ ನೀರು'. ಸರಿಯಾಗಿ ಒತ್ತಿದ್ದಾಳೆ ಎಂದು ಉಸಿರು ಬಿಟ್ಟೆ. ಆಮೇಲೆ ಬೇರೆ ಅಂಕಿ, 'ಚೆಲ್ಲಿದೆ'. ಊಟದ ಹೊತ್ತಿಗೆ ಇನ್ನೊಂದು, 'ಚೆಲ್ಲಿದೆ'. ಮಳೆ ಗೆರೆ ದಾಟಿತು, ಮೆಸೇಜು ಹೋಯಿತು. ಮುಂದೇನು ಎಂದು ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಅಂಗಡಿಗೆ ಫೋನು ಮಾಡಿದೆ, ಎಂಗೇಜು. ಮತ್ತೆ ಮಾಡಿದೆ, ಎಂಗೇಜು. ಪಾಲುದಾರರು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಕೊನೆಗೆ ಅಂಗಡಿಯವರೇ ಫೋನು ಮಾಡಿದರು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಶಾಲೆಯಲ್ಲಿದ್ದರು.

"ಮೆಸೇಜ್ ಬಂತು ಮೇಡಂ. ನಾನು ನಂಬಿಲ್ಲ. ಮೇಲೆ ಫೋನ್ ಮಾಡಿ ಆ ಹೆಂಗಸನ್ನ ಕೇಳ್ದೆ, ನೀನು ಕೈಯಾರೆ ಚೆಲ್ಲಿದ್ದಾ ಅಂತ. ಹೂಂ, ಚೆಲ್ದೆ, ಈಗ್ಲೂ ಬಾಟ್ಲಿ ತುಂಬ್ತಾ ಅದೆ, ನೀವು ಇನ್ನೂ ಮನೇಲೇ ಇದೀರಾ ಅಂತ ನನ್ಗೇ ಬೈದ್ಲು. ಆಮೇಲೆ ನಿಲ್ಲೋದುಂಟಾ?"

ಸಂಜೆಯ ಹೊತ್ತಿಗೆ ತೋಡು ಉಕ್ಕಿ ಅಂಗಡಿಯ ಬೆಂಚುಗಳನ್ನು ಎತ್ತಿಕೊಂಡು ಹೋಯಿತು. ಎರಡು ಮನೆಗಳ ಹಿಂಗೋಡೆ ಕುಸಿಯಿತು. ಒಳಗೆ ಯಾರೂ ಇರಲಿಲ್ಲ.

ಈಗ ಆ ಗುಡ್ಡದ ಮೇಲೆ ತಾನಾಗಿಯೇ ಅಳೆಯುವ ಯಂತ್ರವನ್ನು ಕೂರಿಸಿದ್ದಾರೆ. ಅದಕ್ಕೆ ಬಾಟಲಿಯಿಲ್ಲ, ಚೆಲ್ಲುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ. ನಮ್ಮ ಆ್ಯಪನ್ನು ಸಂಘದವರು ಮರ್ಯಾದೆಯಿಂದಲೇ ನಿಲ್ಲಿಸಿದರು. ಒಳ್ಳೆಯದೇ ಆಯಿತು, ಯಂತ್ರ ನಮಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಮುಂಗಾರು ಹಿಡಿದ ಬೆಳಗುಗಳಲ್ಲಿ, ನಾಲ್ಕಾರು ಊರಿನ ಜಗಲಿಗಳಿಂದ ಒಂದೊಂದೇ ಅಂಕಿ ಬಂದು ಕೂರುತ್ತಿದ್ದ ಆ ಹಳೆಯ ಪರದೆ ನನಗೆ ನೆನಪಾಗುತ್ತದೆ. ಪ್ರತಿ ಅಂಕಿಯ ಹಿಂದೆ ಮಳೆಯಲ್ಲಿ ನೆನೆದ ಒಬ್ಬರು ಇರುತ್ತಿದ್ದರು. ಅವರು ಬೈಯುತ್ತಿದ್ದ ಬೈಗುಳವೂ ನನಗೆ ಬೇಕೆನ್ನಿಸುತ್ತದೆ.

ಆ ವರ್ಷ ಆಗಸ್ಟಿನಲ್ಲಿ ಆಂಟಿ ಕಣ್ಣು ಸರಿಮಾಡಿಸಿಕೊಂಡು ಬಂದರು. ಬಂದ ವಾರವೇ ಮತ್ತೊಂದು ಜಡಿಮಳೆ. ಅದು ಬಿಟ್ಟ ಮಾರನೆಯ ದಿನ ನನಗೆ ಫೋನು ಮಾಡಿದರು. ಮೊದಲು ಗೋಣಿಕೊಪ್ಪಲಿನ ಮಳೆ ಕೇಳಿದರು, ಹೇಳಿದೆ.

"ನಿನ್ನೆ ಕೆಳಗಿನ ಅಂಗಡಿಯವ್ನು ಫೋನ್ ಮಾಡಿದ್ದ ಕುಂಞಿ. ನಾನೇ ಎತ್ತಿದೆ. ಇಷ್ಟು ವರ್ಷ ನನ್ನ ದನಿ ಕೇಳಿ ಎದ್ದು ಹೋಗ್ತಿದ್ದವ್ರು. ನಾನು ಅಳತೆ ಹೇಳೋಕೆ ಬಾಯಿ ತೆಗೆದೆ. 'ಆಂಟಿ, ನೀವು ಬಂದದ್ದು ಸಂತೋಷ. ಸ್ವಲ್ಪ ಅವಳ ಕೈಗೆ ಫೋನ್ ಕೊಡಿ, ಅವಳು ಎಂತ ಹೇಳ್ತಾಳೆ ಕೇಳ್ಬೇಕು' ಅಂದ."

"ಆಮೇಲೆ?" ಎಂದೆ.

"ಕೊಟ್ಟೆ. ಕೊಟ್ಟು, ಒಳಗೆ ಹೋಗಿ ಕಾಫಿಗೆ ಇಟ್ಟೆ. ಅವಳಿಗೂ ಸೇರಿಸಿ."